ಥೇಮ್ಸ್ ದಂಡೆಯನ್ನು ನಾನು ತೋರಿಸುವ ಬಗೆ

ಲಂಡನ್ನಿಗೆ ಬರುವ ನೆಂಟರು, ಗೆಳೆಯರನ್ನು ಥೇಮ್ಸ್ ದಂಡೆಯ ಮೇಲೆ ಸುತ್ತಾಡಿಸುವುದು ನನ್ನ ರಜಾದಿನದ ಕೆಲಸ. ಎಲ್ಲರಿಗೂ ಮೊದಲು ಬಿಗ್ ಬೆನ್ ಬೇಕು. ನಾನು ಕರೆದುಕೊಂಡು ಹೋಗುವುದು ಒಂದು ಹಳೇ ಬಾಗಿಲಿನ ಹತ್ತಿರ.

ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನ ಪಕ್ಕದ ಪಾರ್ಕಿನಲ್ಲಿದೆ ಅದು. ಹೆಸರು ಯಾರ್ಕ್ ವಾಟರ್‌ಗೇಟ್, 1626ರ ಸುಮಾರಿಗೆ ಕಟ್ಟಿದ್ದು. ಶ್ರೀಮಂತರ ಬಂಗಲೆಯಿಂದ ಇಳಿದು ನೇರವಾಗಿ ದೋಣಿ ಹತ್ತಲು ಇದ್ದ ಬಾಗಿಲು. ಈಗ ಅದರ ಮುಂದಿರುವುದು ಹುಲ್ಲು, ಹೂಗಿಡ. ನೀರು ಮುಟ್ಟಲು ಇನ್ನೂ 100 ಮೀಟರಿಗಿಂತ ಜಾಸ್ತಿ ನಡೆಯಬೇಕು. “ಮತ್ತೆ ನದಿ ಎಲ್ಲಿ ಹೋಯ್ತು?” ಅಂತ ಅವರೇ ಕೇಳುತ್ತಾರೆ. ಅದನ್ನು ಕೇಳಲಿ ಅಂತಲೇ ನಾನು ಕಾಯುತ್ತಿರುತ್ತೇನೆ.

1858ರ ಬೇಸಿಗೆಯಲ್ಲಿ ಊರಿನ ಕೊಳಚೆಯೆಲ್ಲ ಸೇರಿ ನದಿ ಗಬ್ಬು ನಾರುತ್ತಿತ್ತು. ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ನೇತುಹಾಕಿದರೂ ನಾತ ನಿಲ್ಲಲಿಲ್ಲ. ತಮ್ಮ ಮೂಗಿಗೇ ಬಡಿದ ಮೇಲೆ ದುಡ್ಡು ಬೇಗ ಮಂಜೂರಾಯಿತು. ಎಲ್ಲ ಕಡೆ ಹೀಗೇ ಅಲ್ವಾ? ಜೋಸೆಫ್ ಬ್ಯಾಜಲ್ಜೆಟ್ ಎಂಬ ಇಂಜಿನಿಯರ್ ನದಿಯ ಅಂಚನ್ನೇ ಒತ್ತರಿಸಿ ಗ್ರಾನೈಟ್ ಗೋಡೆ ಎಬ್ಬಿಸಿದ. ಅದರ ಹಿಂದೆ ನೆಲದಡಿಯಲ್ಲಿ ದೊಡ್ಡ ಚರಂಡಿ, ಪೈಪುಗಳ ಸುರಂಗ, ರೈಲು ಎಲ್ಲ ಬಂದವು. ಮೇಲೆ ರಸ್ತೆ. 1870ರಲ್ಲಿ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಎಂಬ ಈ ಕಟ್ಟಿದ ದಂಡೆ ತೆರೆಯಿತು. ನಾವು ಕೊಳಚೆಯ ಮೇಲೇ ನಡೆಯುತ್ತಿದ್ದೇವೆ ಅಂದರೆ ಕೆಲವರು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ!

ಇಷ್ಟೆಲ್ಲ ಮಾಡಿದವನಿಗೆ ಸಿಕ್ಕಿದ್ದು ಗೋಡೆಗೆ ಕೂರಿಸಿದ ಒಂದು ಕಂಚಿನ ತಲೆ, ಅದೂ 1901ರಲ್ಲಿ. ಪಾರ್ಕಿನಲ್ಲಿರುವ ಬೇರೆ ದೊಡ್ಡವರ ಪ್ರತಿಮೆಗಳನ್ನು ನಾನು ಬೇಗ ಬೇಗ ದಾಟಿಸುತ್ತೇನೆ. ದಂಡೆಯ ಕಲೆ ಇರುವುದು ದಂಡೆಯ ಸಾಮಾನುಗಳಲ್ಲೇ. ದೀಪದ ಕಂಬಕ್ಕೆ ಸುತ್ತಿಕೊಂಡ ದಪ್ಪ ತುಟಿಯ ಮೀನುಗಳು, ಒಂಟೆಗಳು ಹೊತ್ತಿರುವ ಬೆಂಚುಗಳು. ಇವನ್ನು ರೂಪಿಸಿದವನು ಜಾರ್ಜ್ ವಲಿಯಾಮಿ. ಗೋಡೆಯ ಹೊರಮೈಯಲ್ಲಿ ಬಳೆ ಕಚ್ಚಿದ ಕಂಚಿನ ಸಿಂಹದ ತಲೆಗಳಿವೆ. ಸಿಂಹ ನೀರು ಕುಡಿದರೆ ಲಂಡನ್ ಮುಳುಗುತ್ತದೆ ಅನ್ನುವ ಮಾತಿದೆ. ದಂಡೆಯ ಮೇಲೆ ನಿಂತವರಿಗೆ ಇವು ಕಾಣುವುದಿಲ್ಲ. ಅದಕ್ಕೇ ನಾನು ನದಿಯ ಇಳಿತದ ಹೊತ್ತು ನೋಡಿಕೊಂಡು ಹೊರಡುತ್ತೇನೆ, ಹಂಗರ್‌ಫರ್ಡ್ ಸೇತುವೆ ಹತ್ತಿಸಿ ಗೋಡೆಯ ಪೂರ್ತಿ ಎತ್ತರ ತೋರಿಸುತ್ತೇನೆ.

ಕ್ಲಿಯೋಪಾತ್ರಾಳ ಸೂಜಿಯ ಹತ್ತಿರ ಮಾತ್ರ ತುಂಬಾ ಹೊತ್ತು ನಿಲ್ಲುತ್ತೇವೆ. ಕ್ಲಿಯೋಪಾತ್ರಾ ಹುಟ್ಟುವುದಕ್ಕೆ 1000 ವರ್ಷಕ್ಕೂ ಮೊದಲು ಕಡೆದ ಈಜಿಪ್ಟಿನ ಕಂಬ ಅದು. ಕಬ್ಬಿಣದ ಕೊಳವೆಯೊಳಗೆ ಇಟ್ಟು ಸಮುದ್ರದಲ್ಲಿ ಎಳೆದು ತಂದರು. 1877ರ ಬಿರುಗಾಳಿಯಲ್ಲಿ 6 ಜನ ನಾವಿಕರು ಸತ್ತರು. ಮಾರನೇ ವರ್ಷ ಕಂಬ ಇಲ್ಲಿ ನಿಂತಿತು. ಪಕ್ಕದ ಸ್ಫಿಂಕ್ಸ್‌ಗಳು, ಅಂದರೆ ಮನುಷ್ಯನ ತಲೆ, ಸಿಂಹದ ಮೈ ಇರುವ ಪ್ರತಿಮೆಗಳು, ಕಾವಲು ಕಾಯುವುದು ಬಿಟ್ಟು ಕಂಬವನ್ನೇ ನೋಡುತ್ತಾ ಕೂತಿವೆ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಬಾಂಬ್ ಚೂರುಗಳು ಮಾಡಿದ ತೂತುಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಮಕ್ಕಳು ಅದರಲ್ಲಿ ಬೆರಳು ತೂರಿಸಿ ನೋಡುತ್ತಾರೆ, ನಾನೂ ಬೇಡ ಅನ್ನುವುದಿಲ್ಲ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದರೆ ಆಚೆ ದಡದ ಗೋಡೆ ತುಂಬಾ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ಸತ್ತವರಿಗಾಗಿ ಮನೆಯವರು 2021ರಲ್ಲಿ ಬರೆಯಲು ಶುರು ಮಾಡಿದ್ದು. ಬಣ್ಣ ಮಾಸಿದಂತೆ ಸ್ವಯಂಸೇವಕರು ಮತ್ತೆ ತುಂಬುತ್ತಾರೆ. ಇಡೀ ದಂಡೆಯಲ್ಲಿ ಯಾರ ಅಪ್ಪಣೆಗೂ ಕಾಯದೆ ಮೂಡಿದ ಕಲೆ ಇದು. ನನಗೆ ಇದೇ ಹೆಚ್ಚು ಇಷ್ಟ.

ಮುಂದೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣ ಇದ್ದಾನೆ. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ನಾನು ಮೊದಲೇ ಹೇಳಿರುವುದಿಲ್ಲ. ಒಮ್ಮೆ ದೊಡ್ಡಪ್ಪ ಚಪ್ಪಲಿ ಬಿಚ್ಚಿ ಕೈಮುಗಿದವರು, “ಸ್ಥಾವರ ಬೇಡ ಅಂದವನನ್ನೇ ತಂದು ಇಲ್ಲಿ ಸ್ಥಾಪಿಸಿಬಿಟ್ಟಿದ್ದಾರಲ್ಲೋ” ಅಂತ ನಕ್ಕರು. ಫೋಟೋ ಹುಚ್ಚಿನವರು ಜೊತೆಗಿದ್ದರೆ ಬೆಳಗ್ಗೆಯೇ ಹೊರಡಿ. ಸಂಜೆ ಈ ದಡದಿಂದ ಪಾರ್ಲಿಮೆಂಟಿನ ಕಡೆ ಕ್ಯಾಮೆರಾ ಹಿಡಿದರೆ ಬಿಸಿಲು ಎದುರಿಗೇ ಹೊಡೆಯುತ್ತದೆ.