ಚಿತ್ರಕಲಾ ಶಿಕ್ಷಕರ ಪರೀಕ್ಷೆಗೆ ಬಿಡಿಸುತ್ತಲೇ ಓದಿ

ತುಮಕೂರಿನಲ್ಲಿ ಚಿತ್ರಕಲಾ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಸಿದ್ಧರಾಗುವವರನ್ನು ನೋಡಿದಾಗಲೆಲ್ಲ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ವರ್ಷಗಟ್ಟಲೆ ಬ್ರಷ್ ಹಿಡಿದವರು ಅಧಿಸೂಚನೆ ಬಂದೊಡನೆ ಬ್ರಷ್ ಎತ್ತಿಟ್ಟು, ಗೈಡ್ ಬಿಚ್ಚಿ ಇಸವಿಗಳನ್ನು ಉರು ಹೊಡೆಯತೊಡಗುತ್ತಾರೆ. ಕೊನೆಗೆ ತಮ್ಮದೇ ವಿಷಯದಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಮೊದಲ ಹೆಜ್ಜೆ, ಅಧಿಸೂಚನೆಯನ್ನು ಪೂರ್ತಿ ಓದುವುದು. ಕೇಂದ್ರೀಯ ವಿದ್ಯಾಲಯ, ನವೋದಯ, ರಾಜ್ಯದ ವಸತಿ ಶಾಲೆ ಎಲ್ಲಕ್ಕೂ ಒಂದೇ ಅರ್ಹತೆ, ಒಂದೇ ಪಠ್ಯಕ್ರಮ ಎಂದುಕೊಳ್ಳಬೇಡಿ. ಡಿಪ್ಲೊಮಾ ಸಾಕೇ, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಿ. ಸಾಮಾನ್ಯ ಜ್ಞಾನಕ್ಕೆ ದಿನಕ್ಕೊಂದು ಗಂಟೆ ಸಾಕು.

ಎಡವುವುದು ಕಲಾ ಇತಿಹಾಸದಲ್ಲಿ. ಗೈಡುಗಳಲ್ಲಿ ಅಚ್ಚಾಗುವ ಚಿತ್ರಗಳು ಕಪ್ಪು ಮಸಿಯ ಕಲೆಗಳಷ್ಟೇ; ಹಿಮಾಲಯದ ತಪ್ಪಲಿನ ಕಿರುಚಿತ್ರ ಶೈಲಿಗಳಲ್ಲಿ ಬಸೋಲಿ ಯಾವುದು, ಕಾಂಗ್ರಾ ಯಾವುದು ಎಂದು ಬರೆದವರಿಗೇ ಗೊತ್ತಾಗಲಿಕ್ಕಿಲ್ಲ. ಅವನ್ನು ಬಿಟ್ಟು ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಕಲಾ ಪಠ್ಯಪುಸ್ತಕಗಳನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಿ. ಪೋಸ್ಟ್‌ಕಾರ್ಡ್ ಅಳತೆಯ ಹಾಳೆಗಳನ್ನು ಕತ್ತರಿಸಿ, ಒಂದೊಂದು ಶೈಲಿಗೆ ಒಂದೊಂದು ಕಾರ್ಡ್ ಮಾಡಿ. ಇಡೀ ಚಿತ್ರವನ್ನು ನಕಲು ಮಾಡಬೇಕಿಲ್ಲ. ಕಣ್ಣು, ಮರ, ದಿಗಂತ ರೇಖೆ ಈ ಮೂರನ್ನು ಬಿಡಿಸಿ. ರಾಜಸ್ಥಾನದ ಕಿಶನ್‌ಗಢ ಶೈಲಿಯ ಪ್ರಸಿದ್ಧ ಸ್ತ್ರೀಚಿತ್ರ ಬಣಿ ಠಣಿಯ ಆ ಉದ್ದನೆಯ, ಬಾಗಿದ ಕಣ್ಣನ್ನು ಕೈಯಾರೆ ಎಳೆದವರು ಅದನ್ನು ಬೂಂದಿ ಶೈಲಿ ಎಂದು ಗುರುತು ಹಾಕಿ ಬರುವುದಿಲ್ಲ. ಬಸೋಲಿಯಲ್ಲಿ ದಿಗಂತ ತೀರ ಮೇಲಿರುತ್ತದೆ, ಬಣ್ಣಗಳು ಉರಿಯುತ್ತವೆ, ಆಭರಣದ ಪಚ್ಚೆಕಲ್ಲಿನ ಜಾಗದಲ್ಲಿ ಜೀರುಂಡೆಯ ರೆಕ್ಕೆಯ ಚೂರು ಅಂಟಿಸಿರುತ್ತಾರೆ. ಕಾಂಗ್ರಾಕ್ಕೆ ಬಂದರೆ ಎಲ್ಲವೂ ಮೆದು: ಹಸಿರು ಗುಡ್ಡ, ಹೂಬಿಟ್ಟ ಮರ, ತೆಳು ಮುಖ. ಕಾರ್ಡಿನ ಹಿಂದೆ ಆಶ್ರಯದಾತ, ಕಲಾವಿದ, ಕಾಲ ಬರೆಯಿರಿ: ಕಿಶನ್‌ಗಢಕ್ಕೆ ದೊರೆ ಸಾವಂತ್ ಸಿಂಗ್ ಮತ್ತು ಕಲಾವಿದ ನಿಹಾಲ್ ಚಂದ್, ಕಾಂಗ್ರಾಕ್ಕೆ ದೊರೆ ಸಂಸಾರ್ ಚಂದ್. ಮಾರನೆಯ ದಿನ ಪುಸ್ತಕ ನೋಡದೆ ಅದನ್ನೇ ಮತ್ತೆ ಬಿಡಿಸಿ. ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಓದಬೇಕು.

ಮೊಬೈಲಿನಲ್ಲಿ ಹರಿದಾಡುವ ‘ಸಾವಿರ ಪ್ರಶ್ನೋತ್ತರ’ಗಳನ್ನು ನಂಬಬೇಡಿ. ಅಜಂತಾದ್ದು ಅಪ್ಪಟ ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬರೆದ ಚಿತ್ರ ಎಂದು ಅವು ಈಗಲೂ ಸಾರುತ್ತಿವೆ. ಅಲ್ಲಿ ಬಣ್ಣ ಹಚ್ಚಿದ್ದು ಒಣಗಿದ ಗಾರೆಯ ಮೇಲೆ, ಬಣ್ಣಕ್ಕೆ ಅಂಟು ಬೆರೆಸುವ ಟೆಂಪೆರಾ ವಿಧಾನದಲ್ಲಿ. ಮೈಸೂರು ಮತ್ತು ತಂಜಾವೂರು ಶೈಲಿಗಳನ್ನೂ ಕಲಸಿಬಿಡುತ್ತಾರೆ: ಚಿನ್ನದ ರೇಕಿನಡಿ ಉಬ್ಬು ಕೊಡುವ ಗೆಸ್ಸೊ ಲೇಪದ ಕೆಲಸ ಮೈಸೂರಿನಲ್ಲಿ ತೆಳು, ತಂಜಾವೂರಿನದು ದಪ್ಪ ಉಬ್ಬು, ಜೊತೆಗೆ ಗಾಜು, ಕಲ್ಲು.

ಭಿತ್ತಿಚಿತ್ರಕ್ಕೆ ಪುಸ್ತಕವೂ ಬೇಡ. ಶಿರಾ ದಾರಿಯಲ್ಲಿ ಸೀಬಿಯ ನರಸಿಂಹಸ್ವಾಮಿ ದೇವಸ್ಥಾನವಿದೆ. ಅದರ ಚಾವಣಿಯಲ್ಲಿ 18ನೇ ಶತಮಾನದ ಕೊನೆಯ ಚಿತ್ರಗಳಿವೆ, ಹೈದರಾಲಿಯ ದರ್ಬಾರೂ ಇದೆ. ಗೌರಿಬಿದನೂರು ಕಡೆಯವರಿಗೆ ಹಿಂದೂಪುರ ದಾಟಿದರೆ ಲೇಪಾಕ್ಷಿ, 16ನೇ ಶತಮಾನದ ವಿಜಯನಗರ ಕಾಲದ್ದು. ಎರಡೂ ಕಡೆ ಕತ್ತೆತ್ತಿ ಸೀರೆಯ ಅಂಚು, ಪೇಟ, ಮುಖದ ಪಾರ್ಶ್ವವನ್ನು ಸ್ಕೆಚ್ ಮಾಡಿಕೊಳ್ಳಿ. ಸೆಲ್ಫಿ ಆಮೇಲೆ.

ಬಣ್ಣದ ಸಿದ್ಧಾಂತ ಸುಲಭ, ಪ್ರಶ್ನೆ ಬೆಳಕಿನ ಬಣ್ಣದ್ದೋ ಹಚ್ಚುವ ಬಣ್ಣದ್ದೋ ಎಂದು ನೋಡಿಕೊಂಡರಾಯಿತು. ಚಿತ್ರಕಾರರ ವರ್ಣಚಕ್ರದಲ್ಲಿ ಕೆಂಪಿಗೆ ಪೂರಕ ಹಸಿರು, ಬೆಳಕಿನಲ್ಲಿ ಸಯಾನ್ (ಹಸಿರು ಬೆರೆತ ನೀಲಿ).

ಭಾರತೀಯ ಚಿತ್ರಕಲೆಯ ಪ್ರಾಚೀನ ಸೂತ್ರವಾದ ಷಡಂಗದ ಆರು ಅಂಗಗಳನ್ನು ಕ್ರಮವಾಗಿ ಬಾಯಿಪಾಠ ಮಾಡಿ. ನಾನು ಬಾಯಿಪಾಠಕ್ಕೆ ಒಪ್ಪುವುದು ಇದೊಂದಕ್ಕೇ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ.

ಮಕ್ಕಳ ಚಿತ್ರಕಲೆಯ ಭಾಗಕ್ಕೆ ಕಲಾ ಶಿಕ್ಷಣತಜ್ಞ ಲೊವೆನ್‌ಫೆಲ್ಡ್ ಹೇಳಿದ, ಮಕ್ಕಳ ಚಿತ್ರ ಬೆಳೆಯುವ ಹಂತಗಳನ್ನು ಪಟ್ಟಿ ನೋಡಿ ಕಲಿಯಬೇಡಿ. ಪಕ್ಕದ ಮನೆಯ ಮಕ್ಕಳಿಗೆ ಕ್ರೆಯಾನ್ ಕೊಟ್ಟು ಅವರ ಮನೆ ಬಿಡಿಸಲು ಹೇಳಿ. ಮೂರು ವರ್ಷದ ಮಗು ಗೀಚುತ್ತದೆ. ಎಂಟು ವರ್ಷದ ಮಗು ಬಹುತೇಕ ಹಾಳೆಯ ಕೆಳಗೊಂದು ನೆಲದ ಗೆರೆ ಎಳೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸುತ್ತದೆ. ಗೋಡೆಯ ಆಚೆಗಿನ ಟಿವಿಯನ್ನೂ ತೋರಿಸೀತು.

ಪ್ರಾಯೋಗಿಕ ಪರೀಕ್ಷೆ ಇದ್ದರೆ ಅಗ್ಗದ ಪೋಸ್ಟರ್ ಬಣ್ಣ ಒಯ್ಯಬೇಡಿ, ಒಣಗಿದ ಮೇಲೆ ಪುಡಿ ಉದುರುತ್ತದೆ. ಹೊಸ ಬ್ರಷ್ಷೂ ಬೇಡ, ಪಳಗಿದ್ದೇ ಇರಲಿ. ಇನ್ನು ಒಎಂಆರ್ ಹಾಳೆ: ವೃತ್ತದ ಅಂಚು ಮೀರದಂತೆ ಶೇಡಿಂಗ್ ಮಾಡುತ್ತಾ ಕೂರುವ ಚಟ ನಮ್ಮವರಿಗೆ. ಗಡಿಯಾರ ಇಟ್ಟುಕೊಂಡು ಮನೆಯಲ್ಲೇ ಕೆಲವು ಹಾಳೆ ತುಂಬಿ ಆ ಚಟ ಬಿಡಿಸಿಕೊಳ್ಳಿ.