ರಕ್ಷಣೆಗೆಷ್ಟು, ಬರ-ನೆರೆಗೆಷ್ಟು: ಬಜೆಟ್ ಲೆಕ್ಕ ತೆಗೆಯುವ ಬಗೆ

ರಕ್ಷಣೆಗೆ ಎಷ್ಟು ದುಡ್ಡು, ಬರ-ನೆರೆಯಂಥ ವಿಕೋಪಕ್ಕೆ ಎಷ್ಟು ಎಂದು ಹೋಲಿಸಬೇಕಾದರೆ ಮೊದಲು ಕೇಂದ್ರದ ಲೆಕ್ಕ. 2025-26ರ ಬಜೆಟ್ ಅಂದಾಜಿನಲ್ಲಿ ರಕ್ಷಣಾ ಸಚಿವಾಲಯಕ್ಕೆ 6,81,210 ಕೋಟಿ ರೂಪಾಯಿ, ಒಟ್ಟು 50.65 ಲಕ್ಷ ಕೋಟಿಯಲ್ಲಿ ಶೇ 13.45. ಈ ಅಂಕಿಯನ್ನು ಬಿಡಿಸಿ ನೋಡಿ: 1,60,795 ಕೋಟಿ ಪಿಂಚಣಿ, 1,80,000 ಕೋಟಿ ವಿಮಾನ, ಹಡಗು, ಶಸ್ತ್ರಗಳಂಥ ಬಂಡವಾಳ ವೆಚ್ಚ. ಉಳಿದದ್ದರಲ್ಲಿ ದೊಡ್ಡ ಪಾಲು ಸಂಬಳ, ಇಂಧನ, ದುರಸ್ತಿ. ಚಳ್ಳಕೆರೆಯಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯದ ಖರ್ಚೂ ಇದರೊಳಗೇ ಬರುತ್ತದೆ.

ವಿಕೋಪದ ಹಣ ಹೀಗೆ ಒಂದೇ ಕಡೆ ಸಿಗುವುದಿಲ್ಲ. ಕೇಂದ್ರ-ರಾಜ್ಯಗಳ ನಡುವೆ ಹಣ ಹಂಚಿಕೆ ಶಿಫಾರಸು ಮಾಡುವ 15ನೇ ಹಣಕಾಸು ಆಯೋಗ 2021-26ಕ್ಕೆ ರಾಜ್ಯಗಳ ವಿಪತ್ತು ನಿಧಿಗಳಿಗೆ ಗೊತ್ತು ಮಾಡಿದ್ದು 1,60,153 ಕೋಟಿ. ಅದು ಐದು ವರ್ಷದ ಮೊತ್ತ, ಒಂದು ವರ್ಷದ ರಕ್ಷಣಾ ಬಜೆಟ್ ಪಕ್ಕ ಹಾಗೇ ಇಡಬಾರದು. ಅದರಲ್ಲೂ ಕೇಂದ್ರದ ಪಾಲು 1,22,601 ಕೋಟಿ, ಮಿಕ್ಕಿದ್ದು ರಾಜ್ಯಗಳು ಹಾಕುವ ದುಡ್ಡು. ಕೇಂದ್ರದ ಪಾಲನ್ನು ಐದರಿಂದ ಭಾಗಿಸಿದರೆ ರಕ್ಷಣಾ ವೆಚ್ಚ ಅದರ ಸುಮಾರು 28 ಪಟ್ಟು. ರಾಷ್ಟ್ರೀಯ ನಿಧಿಗಳಿಗಿಟ್ಟ 68,463 ಕೋಟಿಯನ್ನೂ ಕೂಡಿಸಿದರೆ 18 ಪಟ್ಟಿಗೆ ಇಳಿಯುತ್ತದೆ. ಎರಡೂ ಸರಿಯೇ, ಯಾವುದನ್ನು ಹಿಡಿದಿರಿ ಎಂದು ಹೇಳದಿದ್ದರೆ ಮಾತ್ರ ಮೋಸ. ಹೆಸರಲ್ಲೂ ಒಂದು ಗೊಂದಲವಿದೆ: ಎನ್‌ಡಿಆರ್‌ಎಫ್ ಎಂದರೆ ರಾಷ್ಟ್ರೀಯ ವಿಪತ್ತು ನಿಧಿಯೂ ಹೌದು, ನೆರೆಗೆ ದೋಣಿ ತರುವ ರಾಷ್ಟ್ರೀಯ ವಿಪತ್ತು ಪಡೆಯೂ ಹೌದು. ಪಡೆಯ ಖರ್ಚು ಗೃಹ ಸಚಿವಾಲಯದ ಲೆಕ್ಕದಲ್ಲಿರುತ್ತದೆ.

ರಕ್ಷಣೆಯ ದುಡ್ಡಿನ ಜೊತೆ ಜಗಳ ತೆಗೆಯುವುದಕ್ಕಿಂತ ಪರಿಹಾರಕ್ಕೂ ಸಿದ್ಧತೆಗೂ ನಡುವಿನ ಹಂಚಿಕೆ ನೋಡುವುದು ಚಿತ್ರದುರ್ಗ, ದಾವಣಗೆರೆಯಂಥ ನಮ್ಮ ಜಿಲ್ಲೆಗಳಿಗೆ ಹೆಚ್ಚು ಉಪಯೋಗ. 2021-26ರ ಆ ರಾಜ್ಯಗಳ ನಿಧಿಯಲ್ಲಿ ಶೇ 40 ತುರ್ತು ಪರಿಹಾರಕ್ಕೆ, 30 ಪುನರ್‌ನಿರ್ಮಾಣಕ್ಕೆ, 10 ಸಿದ್ಧತೆಗೆ, 20 ಅಪಾಯ ತಗ್ಗಿಸುವ ಕೆಲಸಕ್ಕೆ. ಅಂದರೆ ಮುಂಚಿತವಾಗಿ ಖರ್ಚಾಗಬೇಕಾದದ್ದು ವರ್ಷಕ್ಕೆ ಸುಮಾರು 9,600 ಕೋಟಿ, ಅದೂ ಎಲ್ಲ ರಾಜ್ಯಗಳಿಗೆ ಸೇರಿ. ಪರಿಹಾರವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ 2023ರ ಬರ ಇದೆ. 223 ತಾಲ್ಲೂಕು ಬರಪೀಡಿತ, ರಾಜ್ಯ ಕೇಳಿದ್ದು 18,171 ಕೋಟಿ, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಆಗ ಮಳೆಯಾಶ್ರಿತ ಬೆಳೆಗೆ ನಿಯಮದ ದರವೇ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನ ಮಿತಿ, ನಷ್ಟ ಶೇ 33 ದಾಟಿರಬೇಕಿತ್ತು. ಒಂದು ಕೊಳವೆಬಾವಿಗೂ ಸಾಕಾಗದ ದುಡ್ಡು.

ರಾಜ್ಯ ಬಜೆಟ್‌ನಲ್ಲಿ 2245 ಎಂಬ ಲೆಕ್ಕ ಶೀರ್ಷಿಕೆ ಹುಡುಕಿ, ನೈಸರ್ಗಿಕ ವಿಕೋಪ ಪರಿಹಾರ ಅಲ್ಲಿದೆ. ಹಣ ಮೊದಲು ನಿಧಿಗೆ ವರ್ಗವಾಗಿ, ಆಮೇಲೆ ಖರ್ಚಾಗಿ, ನಿಧಿಯಿಂದ ಭರಿಸಿದ್ದು ಕಳೆತದ (ಮೈನಸ್) ಸಾಲಾಗಿ ಬರುತ್ತದೆ. ವರ್ಗಾವಣೆ, ಖರ್ಚು ಎರಡನ್ನೂ ಕೂಡಿದರೆ ಒಂದೇ ರೂಪಾಯಿ ಎರಡು ಸಲ ಎಣಿಸಿದ ಹಾಗೆ. ಅಂದಾಜಿನ ಕಾಲಂ ಬಿಟ್ಟು ವಾಸ್ತವ ಲೆಕ್ಕದ ಕಾಲಂ ನೋಡಿ.

ಇಷ್ಟಾದರೂ ಚಿತ್ರದುರ್ಗದ ಬರ ತಡೆಯುವ ದೊಡ್ಡ ಕೆಲಸ ಈ ಶೀರ್ಷಿಕೆಯಲ್ಲಿ ಕಾಣುವುದಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಇರುವುದು ಜಲಸಂಪನ್ಮೂಲ ಇಲಾಖೆಯ ಲೆಕ್ಕದಲ್ಲಿ. 2023-24ರ ಕೇಂದ್ರ ಬಜೆಟ್ ಅದಕ್ಕೆ 5,300 ಕೋಟಿ ನೆರವು ಘೋಷಿಸಿತು. ಘೋಷಣೆ ಬೇರೆ, ಬಿಡುಗಡೆ ಬೇರೆ, ನೀವು ಮಾಡುವ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಕಾಲಂ ಹಾಕಿ.

ಜಿಲ್ಲೆಯ ಅಂಕಿ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿಯೇ ದಾರಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, ಮೀರಿದರೆ ತಿರಸ್ಕರಿಸಲು ನೆಪ ಸಿಗುತ್ತದೆ. ಹಾಗಾಗಿ ಎರಡು ಅರ್ಜಿ ಹಾಕಿ. ಒಂದು ತಹಶೀಲ್ದಾರರಿಗೆ: ವಿಕೋಪ ಪರಿಹಾರದ ಹಣ ಇಡುವ ಪಿ.ಡಿ. (ಪರ್ಸನಲ್ ಡಿಪಾಸಿಟ್) ಖಾತೆಯಲ್ಲಿ ಆರಂಭಿಕ ಶಿಲ್ಕು, ಬಂದದ್ದು, ಬಾಬ್ತುವಾರು ಖರ್ಚು, ಮೂರು ವರ್ಷದ್ದು. ಮೊಳಕಾಲ್ಮುರಿನಲ್ಲಿ ಟ್ಯಾಂಕರ್ ನೀರಿನ ಬಾಬ್ತು, ಹರಿಹರ, ಹೊನ್ನಾಳಿಯಲ್ಲಿ ತುಂಗಭದ್ರಾ ನೆರೆಯ ಬಾಬ್ತು ಮುಖ್ಯ. ಇನ್ನೊಂದು ಜಿಲ್ಲಾಧಿಕಾರಿ ಕಚೇರಿಗೆ: 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಕಲಂ ಪ್ರಕಾರದ ಜಿಲ್ಲಾ ವಿಪತ್ತು ಯೋಜನೆಯ ಪ್ರತಿ, ಅಪಾಯ ತಗ್ಗಿಸುವ ನಿಧಿಯಿಂದ ಮಾಡಿದ ಕಾಮಗಾರಿಗಳ ಪಟ್ಟಿ. "ಬರ ನಿರ್ವಹಣೆ ವಿವರ ಕೊಡಿ" ಎಂದು ಕೇಳಿದರೆ ಬರುವುದು ಸಭೆಯ ನಡಾವಳಿ ಮಾತ್ರ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.