ವಯಸ್ಕರ ಡೈಪರಿಗೆ ಬೂಸ್ಟರ್ ಪ್ಯಾಡ್ ಬಳಸುವವರಿಗೆ

ಮೂತ್ರ ತಡೆದುಕೊಳ್ಳಲಾಗದ ಹಿರಿಯರನ್ನು ಚಿಕಿತ್ಸೆಗಾಗಿ ಕಲಬುರಗಿಯಿಂದ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಕರೆದೊಯ್ಯುವವರಿಗೆ, ದಾರಿಯಲ್ಲಿ ಡೈಪರ್ ಬದಲಿಸಲು ಸ್ಥಳ ಸಿಗದಿರುವುದೇ ದೊಡ್ಡ ಚಿಂತೆ. ಅಂಥ ಪ್ರಯಾಣಕ್ಕೂ ರಾತ್ರಿಯ ನಿದ್ದೆಗೂ ಡೈಪರಿನೊಳಗೆ ಬೂಸ್ಟರ್ ಪ್ಯಾಡ್, ಅಂದರೆ ಮೂತ್ರ ಹೀರುವ ಹೆಚ್ಚುವರಿ ಪ್ಯಾಡ್, ಇಡುವುದು ಉಪಯುಕ್ತ. ಇದರ ತಳದಲ್ಲಿ ಪ್ಲಾಸ್ಟಿಕ್ ಪದರ ಇರುವುದಿಲ್ಲವಾದ್ದರಿಂದ, ಪ್ಯಾಡ್ ತುಂಬಿದ ಮೇಲೆ ಉಳಿದ ಮೂತ್ರ ಕೆಳಗಿನ ಡೈಪರಿಗೆ ಇಳಿಯುತ್ತದೆ. ಬೂಸ್ಟರ್ ಸಿಗಲಿಲ್ಲವೆಂದು ಮುಟ್ಟಿನ ಪ್ಯಾಡ್ ಇಡಬೇಡಿ. ಅದರ ತಳದ ಪ್ಲಾಸ್ಟಿಕ್ ಮೂತ್ರವನ್ನು ಕೆಳಗಿಳಿಯಗೊಡದೆ, ಡೈಪರ್ ಒಣಗಿರುವಾಗಲೇ ತೊಡೆಯ ಪಕ್ಕದಿಂದ ಸೋರಿ ಸೀರೆ, ಧೋತರ ತೊಯ್ಯುತ್ತವೆ.

ಪ್ಯಾಡನ್ನು ಡೈಪರಿನ ಎರಡೂ ಬದಿಯ ನೆರಿಗೆಗಳ ಒಳಗೇ, ಮಡಚಿಕೊಳ್ಳದಂತೆ ಹಾಸಬೇಕು. ಗಂಡಸರಿಗೆ ಸ್ವಲ್ಪ ಮುಂದಕ್ಕೆ, ಹೆಂಗಸರಿಗೆ ನಡುವೆ.

ಬೂಸ್ಟರ್ ಇದೆಯೆಂದು ಹಗಲಿಡೀ ಒಂದೇ ಡೈಪರಿನಲ್ಲಿ ಬಿಡುವುದು ಖಂಡಿತ ಸರಿಯಲ್ಲ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೆವರೂ ಮೂತ್ರವೂ ಸೇರಿ ತೊಡೆಸಂದಿಯ ಚರ್ಮ ಬೇಗ ಕೆಂಪಾಗುತ್ತದೆ. ಹಿರಿಯರು ಸಂಕೋಚದಿಂದ ಹೇಳುವುದಿಲ್ಲ, ನಾವೇ ಕೇಳಿ ನೋಡಬೇಕು. ಬದಲಿಸುವಾಗ ತೊಳೆದು, ಮೆತ್ತನೆಯ ಬಟ್ಟೆಯಿಂದ ಉಜ್ಜದೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಹಚ್ಚಿರಿ. ಮಲ ತಗುಲಿದ್ದರೆ ಡೈಪರ್, ಪ್ಯಾಡ್ ಎರಡನ್ನೂ ಆಗಲೇ ತೆಗೆಯಬೇಕು. ಸೋರುತ್ತದೆಂಬ ಭಯಕ್ಕೆ ನೀರು ಕುಡಿಯುವುದನ್ನು ಕಡಿಮೆ ಮಾಡಿಸಬೇಡಿ. ಮೂತ್ರ ತಡೆದುಕೊಳ್ಳಲಾಗದ ತೊಂದರೆ ಹಠಾತ್ತನೆ ಶುರುವಾಗಿದ್ದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.